ಬೆಳಗಾವಿಗೆ ಒಂದು ವಾರ ಬಂದರೆ ಎಲ್ಲೆಲ್ಲಿ ಹಾಡು ಕೇಳಬೇಕು: ಪೇಟಿ ನುಡಿಸುವವನ ಆಯ್ಕೆ

ಚಳಿಗಾಲ ಶುರುವಾದರೆ ಸಾಕು, ಬೆಂಗಳೂರಿನ ಗೆಳೆಯರು ಫೋನ್ ಮಾಡುತ್ತಾರೆ. ಒಂದು ವಾರ ಬರ್ತೀವಿ, ಅಲ್ಲಿ ಒಳ್ಳೆ ಹಾಡು ಎಲ್ಲಿ ಕೇಳೋಣ ಅಂತ. ಪ್ರತಿ ಸಲ ಬಾಯಲ್ಲಿ ಹೇಳುತ್ತಿದ್ದೆ, ಈ ಸಲ ಬರೆದೇ ಇಡುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷದಿಂದ ಪೇಟಿ ನುಡಿಸುತ್ತಿದ್ದೇನೆ. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಆ ಉದ್ದ ಹೆಸರು ಹೇಳುವವರು ಕಡಿಮೆ. ಭಜನೆಗೆ, ಗಾಯಕರ ಸಾಥ್‌ಗೆ, ಬಯಲಾಟದ ಹಿಮ್ಮೇಳಕ್ಕೆ, ಎಲ್ಲಿ ಕರೆದರೆ ಅಲ್ಲಿಗೆ ಹೋಗಿದ್ದೇನೆ. ಒಂದು ಜಾಗ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕೆ ನನ್ನ ಅಳತೆ ಒಂದೇ. ನಡುವೆ ಕರೆಂಟ್ ಹೋಯಿತು ಅಂದುಕೊಳ್ಳಿ. ಹಾಡು ನಿಲ್ಲುತ್ತದೋ, ನಡೆಯುತ್ತದೋ? ನಡೆದರೆ ಅಲ್ಲಿಗೆ ಹೋಗಿ.

ಸೋಮವಾರ ರಾತ್ರಿ ನಮ್ಮ ಓಣಿಯ ಬಸವಣ್ಣನ ಗುಡಿಯ ಭಜನೆ. ವಡಗಾವಿಯ ನೇಕಾರರ ಓಣಿ ಇದು. ಹಗಲೆಲ್ಲ ಮಗ್ಗದ ಖಟಾಖಟ್, ಅದು ನಿಂತ ಮೇಲೆ ಒಂಬತ್ತರ ಸುಮಾರಿಗೆ ಒಬ್ಬೊಬ್ಬರಾಗಿ ಬರುತ್ತಾರೆ. ನೀವು ಒಂಬತ್ತಕ್ಕೇ ಹೋಗಬೇಡಿ. ಮೊದಲ ಅರ್ಧ ತಾಸು ತಬಲಾ ಶ್ರುತಿ ಮಾಡುವುದರಲ್ಲೇ ಹೋಗುತ್ತದೆ, ಅದೂ ನಮ್ಮೂರ ಮಳೆಗಾಲದಲ್ಲಿ ತೊಗಲು ತೇವ ಹೀರಿ ಸಡಿಲಾಗಿಬಿಟ್ಟಿದ್ದರೆ ಸುತ್ತಿಗೆಯ ಸದ್ದೇ ಜಾಸ್ತಿ. ಹತ್ತರ ಮೇಲೆ ಹೋಗಿ. ಆಗ ಒಂದು ಪೇಟಿ, ಒಂದು ಜೋಡಿ ತಬಲಾ, ದಮ್ಮಡಿ, ನಾಲ್ಕಾರು ಜೋಡಿ ತಾಳ, ಇಷ್ಟರಲ್ಲೇ ಆ ಸಣ್ಣ ಗುಡಿ ತುಂಬಿ ನಿಂತಿರುತ್ತದೆ. ಶರೀಫ ಸಾಹೇಬರ ತತ್ವಪದ, ಕಡಕೋಳ ಮಡಿವಾಳಪ್ಪನವರ ಪದ, ನಿಜಗುಣ ಶಿವಯೋಗಿಗಳ ಪದ, ಹೀಗೆ ಒಂದರ ಬೆನ್ನಿಗೆ ಒಂದು. ಒಬ್ಬ ಅಜ್ಜ ಪದದ ನಡುವೆ ನಿಲ್ಲಿಸಿ, ಈ ಸಾಲಿನ ಅರ್ಥ ಏನು ಹೇಳ್ರಪಾ ಅಂತ ಎದುರಿನವರನ್ನು ಕೇಳುತ್ತಾರೆ. ಉತ್ತರ ಮಾತಲ್ಲಿ ಬರುವುದಿಲ್ಲ, ಇನ್ನೊಂದು ಪದವಾಗಿ ಬರುತ್ತದೆ.

ನನಗೆ ಇಲ್ಲಿ ಬಹಳ ಹಿಡಿಸುವುದು ಇನ್ನೊಂದಿದೆ. ಒಬ್ಬರು ಕನ್ನಡದ ಪದ ಮುಗಿಸಿದ ಕೂಡಲೇ ಪಕ್ಕದವರು ಅದೇ ಶ್ರುತಿಯಲ್ಲಿ ತುಕಾರಾಮರ ಅಭಂಗ ಎತ್ತಿಕೊಳ್ಳುತ್ತಾರೆ. ತಬಲಾದವನು ಲಯ ಸ್ವಲ್ಪ ಬದಲಿಸುತ್ತಾನೆ, ತಾಳದವರು ಹಿಂದೆಯೇ ಬರುತ್ತಾರೆ. ಬೆಳಗಾವಿ ಅಂದರೆ ಮರಾಠಿ-ಕನ್ನಡ ಜಗಳ ಅಂತ ಪೇಪರಿನಲ್ಲಿ ಮಾತ್ರ ಓದಿರುವವರು ಇಲ್ಲಿ ಒಂದು ತಾಸು ಕೂತು ನೋಡಬೇಕು. ಹೊಸಬರು ಬಂದರೆ ಯಾರೂ ಯಾರ ಮನೆಯವರು ಅಂತ ವಿಚಾರಿಸುವುದಿಲ್ಲ. "ಬರ್ರಿ, ಕುಂದರ್ರಿ, ತಾಳ ಹಿಡೀರಿ" ಅಂತ ಕೈಗೆ ಒಂದು ಜೋಡಿ ಕೊಟ್ಟುಬಿಡುತ್ತಾರೆ. ಬೆನ್ನಿಗೆ ಆಸರೆ ಇಲ್ಲ, ಸೊಳ್ಳೆ ಇವೆ, ನೆಲ ತಣ್ಣಗಿರುತ್ತದೆ. ಒಂದು ಚಾದರ ತೆಗೆದುಕೊಂಡು ಹೋಗಿ. ಮಂಗಳಾರತಿ ಆದ ಮೇಲೆ ಬಸಿಯಲ್ಲಿ ಚಹಾ ಬರುತ್ತದೆ, ಅದನ್ನು ಕುಡಿಯದೆ ಎದ್ದು ಬರಬೇಡಿ.

ಮಂಗಳವಾರ ಊರು ಬಿಟ್ಟು ಹೊರಡಿ. ಸವದತ್ತಿ ಎಲ್ಲಮ್ಮನ ಗುಡ್ಡ, ಇಲ್ಲಿಂದ ಎಂಬತ್ತು ಕಿಲೋಮೀಟರಿನ ಮೇಲಾಗುತ್ತದೆ. ಮಂಗಳವಾರ, ಶುಕ್ರವಾರ ಅಮ್ಮನ ವಾರ, ಜನ ಇರುತ್ತಾರೆ, ಹಾಡುವವರೂ ಇರುತ್ತಾರೆ. ಆದರೆ ಹಾಡು ಕೇಳಲಿಕ್ಕೆ ಅಂತ ಹೋಗುವವರು ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೋಗಬೇಡಿ. ಆಗ ಬಂಡಿ, ಟ್ರ್ಯಾಕ್ಟರ್, ಭಂಡಾರ, ಉಧೋ ಉಧೋ ಕೂಗು, ಅದರ ಸೊಗಸೇ ಬೇರೆ, ಆದರೆ ಒಂದು ತಂತಿಯ ದನಿ ಕಿವಿಗೆ ಬೀಳುವುದಿಲ್ಲ. ಸಾದಾ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮುಟ್ಟುವ ಹಾಗೆ ಹೋಗಿ, ಮೆಟ್ಟಿಲ ಬದಿಯಲ್ಲೋ ಮರದ ನೆರಳಲ್ಲೋ ಕೂತು ಹಾಡುವ ಜೋಗತಿಯರನ್ನು ಹುಡುಕಿ.

ಅವರ ಕೈಯಲ್ಲಿರುವುದು ಚೌಡಿಕೆ. ಕೊಳಗದಂಥ ಒಂದು ಡಬ್ಬಿ, ಅದರ ಒಂದು ಬಾಯಿಗೆ ತೊಗಲು, ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ. ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಒಂದು ಕೈಯಿಂದ ತಂತಿಯನ್ನು ಬಿಗಿ ಮಾಡುತ್ತ ಸಡಿಲ ಬಿಡುತ್ತ ಇನ್ನೊಂದು ಕೈಯಿಂದ ಮೀಟುತ್ತಾರೆ. ಬಿಗಿದಷ್ಟು ಸ್ವರ ಮೇಲೇರುತ್ತದೆ, ಬಿಟ್ಟಷ್ಟು ಇಳಿಯುತ್ತದೆ. ತಾಳವೂ ಅದೇ, ಸ್ವರವೂ ಅದೇ. ನನ್ನ ಪೇಟಿಗೆ ಇದು ಸಾಧ್ಯವೇ ಇಲ್ಲ. ಪೇಟಿಯಲ್ಲಿ ಸ ಇಲ್ಲಿ, ರಿ ಅಲ್ಲಿ, ನಡುವಿನ ದಾರಿ ಇಲ್ಲ. ಅವರು ಅಳುವ ಕೂಸಿನ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನನಗೆ ಪ್ರತಿ ಸಲ ಹೊಟ್ಟೆಯೊಳಗೆ ಏನೋ ಅಲುಗುತ್ತದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಕ್ಕೆ ಒಂದು ಕಾರಣ ಇದೇ, ನಮ್ಮ ಸಂಗೀತದ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಅದರಲ್ಲಿ ಬರುವುದಿಲ್ಲ ಅಂತ. ಆ ನಿಷೇಧ ಸಡಿಲಾಗಿದ್ದು 1971ರಲ್ಲಿ. ಅಷ್ಟು ವರ್ಷ ಹೊರಗಿದ್ದ ವಾದ್ಯವನ್ನು ಹಿಡಿದುಕೊಂಡೇ ನಮ್ಮ ಜಿಲ್ಲೆಯ ಕಾಗವಾಡದಲ್ಲಿ ಹುಟ್ಟಿದ ಪಂಡಿತ್ ರಾಮಭಾವು ವಿಜಾಪುರೆಯವರು ಬೆಳಗಾವಿಯಲ್ಲಿ ಕೂತು ಎಷ್ಟು ಜನಕ್ಕೆ ಕಲಿಸಿದರು, ಎಷ್ಟು ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು! 2010ರಲ್ಲಿ ತೀರಿಕೊಂಡರು. ಪೇಟಿ ಎಲ್ಲಿ ನುಡಿಸಬಾರದು, ಎಲ್ಲಿ ಬೆರಳು ಎತ್ತಿ ಸುಮ್ನೆ ಕೂರಬೇಕು ಅನ್ನುವುದನ್ನು ನಾನು ಅರ್ಧ ಗುರುಗಳಿಂದ ಕಲಿತೆ, ಇನ್ನರ್ಧ ಈ ಗುಡ್ಡದ ಮೇಲೆ ಚೌಡಿಕೆ ಕೇಳುತ್ತ ಕಲಿತೆ.

ಒಂದು ಮಾತು. ಮೊಬೈಲ್ ಎತ್ತಿ ಮುಖದ ಹತ್ತಿರ ಹಿಡಿಯಬೇಡಿ. ಮೊದಲು "ಅವ್ವಾ, ಹಾಡು ಕೇಳಬೇಕು" ಅಂತ ಕೇಳಿ, ಕೂತುಕೊಳ್ಳಿ, ಹಾಡು ಮುಗಿದ ಮೇಲೆ ರೊಕ್ಕ ಕೊಡಿ, ಕಡಿಮೆ ಕೊಡಬೇಡಿ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಇವರ ಕಡೆ ಜನ ನೋಡುವ ರೀತಿ ಸ್ವಲ್ಪ ಬದಲಾಗಿದೆ. ಆದರೆ ಮೆಟ್ಟಿಲ ಮೇಲೆ ಕೂತವರ ದಿನದ ಗಳಿಕೆ ಇವತ್ತಿಗೂ ನಿಮ್ಮ ನಮ್ಮ ಕೈಯಲ್ಲೇ ಇದೆ.

ಬುಧವಾರ ಕಿವಿಗೆ ರಜೆ. ಆಗದವರು ಬೆಳಗಿನ ರೈಲು ಹತ್ತಿ ಮೀರಜಿಗೆ ಹೋಗಿ ಬನ್ನಿ. ಅಲ್ಲಿ ತಂಬೂರಿ ಮಾಡುವವರ ಅಂಗಡಿಗಳ ಸಾಲಿದೆ. ತಂಬೂರಿಯ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಪಟ್ಟಿ, ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸರಿಸಿ ಜವಾರಿ, ಅಂದರೆ ಝೇಂಕಾರ, ಕೂರಿಸುವುದನ್ನು ನೋಡಿ. ಸತ್ತಂತಿದ್ದ ತಂತಿ ಒಮ್ಮೆಲೇ ಝೇಂಕರಿಸುತ್ತದೆ. ಟಿಕೆಟ್ ಇಲ್ಲದ ಕಛೇರಿ ಅದು.

ಗುರುವಾರ ಮನೆ ಬೈಠಕ್. ಟಿಳಕವಾಡಿ, ಹಿಂದವಾಡಿ ಕಡೆ ಹಳೆ ಮನೆಗಳ ಪಡಸಾಲೆಯಲ್ಲಿ ಇಪ್ಪತ್ತು ಮೂವತ್ತು ಜನ ಕೂತು ಕೇಳುವ ರೂಢಿ ಇನ್ನೂ ಸತ್ತಿಲ್ಲ. ಇದಕ್ಕೆ ಪೋಸ್ಟರ್ ಇರುವುದಿಲ್ಲ. ಯಾವುದಾದರೂ ಸಂಗೀತ ಶಾಲೆಗೆ ಹೋಗಿ ಈ ವಾರ ಯಾರ ಮನೆಯಲ್ಲಿ ಹಾಡಿಕೆ ಇದೆ ಅಂತ ಕೇಳಿದರೆ ಹೇಳುತ್ತಾರೆ. ಹಾಡುವವರು ದೊಡ್ಡ ಹೆಸರಿನವರೇ ಆಗಬೇಕಿಲ್ಲ. ಗಾಯಕ ಉಸಿರು ತೆಗೆದುಕೊಳ್ಳುವುದು ಕೇಳಬೇಕು, ಅಷ್ಟು ಹತ್ತಿರ ಕೂರಬೇಕು. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ, 1924ರ ಏಪ್ರಿಲ್ 8ರಂದು. ಕ್ಷಯ ಬಂದು ವರ್ಷಗಟ್ಟಲೆ ಹಾಡದೆ ದೇವಾಸದಲ್ಲಿ ಮಲಗಿದ್ದಾಗ ಅವರು ಕೇಳಿದ್ದು ಬಾಗಿಲಿಗೆ ಬಂದ ನಾಥಪಂಥದವರ ನಿರ್ಗುಣ ಪದಗಳನ್ನು, ಮಾಳವದ ಹೆಂಗಸರ ಹಾಡುಗಳನ್ನು. ಎದ್ದು ಬಂದಾಗ ಅವರ ಗಾಯನವೇ ಬೇರೆಯಾಗಿತ್ತು. ಸೋಮವಾರದ ಭಜನೆ, ಮಂಗಳವಾರದ ಚೌಡಿಕೆ ಆದ ಮೇಲೆ ಗುರುವಾರ ರಾಗ ಕೇಳಿ ಅಂತ ನಾನು ಈ ಸಾಲಿನಲ್ಲೇ ಇಟ್ಟಿದ್ದು ಅದಕ್ಕೇ.

ಶುಕ್ರವಾರ ದೊಡ್ಡ ಸಭಾಂಗಣದ ಕಾರ್ಯಕ್ರಮ ಇದ್ದರೆ ಹೋಗಿ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ಒಂದು ಕಡೆ ನಾನೇ ಸಾಥ್‌ಗೆ ಕೂತಿದ್ದೆ. ಆರು ಗಂಟೆಗೆ ಅಂತ ಪತ್ರಿಕೆಯಲ್ಲಿ ಹಾಕಿದ್ದರು. ಭಾಷಣ, ಶಾಲು, ಹಾರ, ಮತ್ತೆ ಭಾಷಣ, ಎಲ್ಲ ಮುಗಿದು ಗಾಯಕಿ ವೇದಿಕೆಗೆ ಬಂದಾಗ ಎಂಟು. ದೂರದಿಂದ ಬಂದ ಆ ಹೆಣ್ಣುಮಗಳಿಗೆ ನಲವತ್ತು ನಿಮಿಷ ಕೊಟ್ಟರು. ಪೇಟಿಯ ಮೈಕ್ ಎಷ್ಟು ಏರಿಸಿದ್ದರು ಅಂದರೆ ನನಗೆ ಅವರ ಮಂದ್ರ, ಅಂದರೆ ಕೆಳಗಿನ ಸ್ವರಗಳೇ ಕೇಳಲಿಲ್ಲ, ನಾನು ಊಹೆಯ ಮೇಲೆ ನುಡಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನೀವು ಹೋದರೆ ನಡುವಿನ ಐದಾರನೇ ಸಾಲಿನಲ್ಲಿ ಕೂರಿ, ಬದಿಯ ಸ್ಪೀಕರ್ ಕೆಳಗೆ ಮಾತ್ರ ಬೇಡ.

ಶನಿವಾರಕ್ಕೆ ಶಕ್ತಿ ಉಳಿಸಿಕೊಳ್ಳಿ. ಶ್ರೀಕೃಷ್ಣ ಪಾರಿಜಾತ ಅನ್ನುವ ಬಯಲಾಟ ನೋಡದೆ ಬೆಳಗಾವಿ ಜಿಲ್ಲೆಯ ಹಾಡು ಕೇಳಿದೆ ಅನ್ನಬೇಡಿ. ಗೋಕಾಕ, ರಾಯಬಾಗ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಕಾಲದಲ್ಲಿ ಆಡಿಸುತ್ತಾರೆ. ಇದನ್ನು ಈ ಸೀಮೆಯಲ್ಲಿ ಬೆಳೆಸಿದವರು ಕುಲಗೋಡ ತಮ್ಮಣ್ಣ, ಆಮೇಲೆ ಹೆಣ್ಣು ದನಿಯಲ್ಲಿ ಮನೆಮಾತು ಮಾಡಿದವರು ಕೌಜಲಗಿ ನಿಂಗಮ್ಮ. ಕಥೆ ಒಂದು ಹೂವಿನದು. ನಾರದ ತಂದ ಪಾರಿಜಾತ ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಸಿಟ್ಟು ಬಂತು, ಕೃಷ್ಣ ನಡುವೆ ಸಿಕ್ಕಿಕೊಂಡ. ಇಷ್ಟನ್ನೇ ರಾತ್ರಿಯೆಲ್ಲ ಆಡುತ್ತಾರೆ, ಯಾರಿಗೂ ಏಳಬೇಕು ಅನ್ನಿಸುವುದಿಲ್ಲ. ಪದಗಳಿಗೆ ಹಿಂದೂಸ್ತಾನಿ ರಾಗಗಳ ಬಣ್ಣ ಇದೆ, ಆದರೆ ಮಾತು ಪೂರ್ತಿ ಹಳ್ಳಿಯದು.

ಹಿಮ್ಮೇಳದ ಪೇಟಿಯವನಾಗಿ ಹೇಳುತ್ತೇನೆ, ಇಷ್ಟು ಕಷ್ಟದ ಸಾಥ್ ಇನ್ನೊಂದಿಲ್ಲ. ಭಾಮೆ ಮೇಲಿನ ಸ್ವರದಲ್ಲಿ ಎತ್ತಿದ ಪದವನ್ನು ಭಾಗವತ ಹಿಡಿಯಬೇಕು, ನಾವು ಅವನ ಹಿಂದೆ ಓಡಬೇಕು, ಅಷ್ಟರಲ್ಲಿ ಭಾಮೆ ಮಾತಿಗೆ ಇಳಿದಿರುತ್ತಾಳೆ. ಮಾತು ಯಾವಾಗ ಮತ್ತೆ ಪದವಾಗುತ್ತದೆ ಅಂತ ಅವಳ ಕಣ್ಣು ನೋಡಿಯೇ ತಿಳಿಯಬೇಕು. ಒಮ್ಮೆ ರಾತ್ರಿ ಎರಡರ ಸುಮಾರಿಗೆ ನಿಜಕ್ಕೂ ಕರೆಂಟ್ ಹೋಯಿತು. ಜನ ಎದ್ದು ಮುಂದೆ ಬಂದು ಹತ್ತಿರ ಕೂತರು. ಯಾರೋ ಟ್ರ್ಯಾಕ್ಟರಿನ ದೀಪ ಹಚ್ಚಿದರು. ಕೊರವಂಜಿ ವೇಷದ ಕೃಷ್ಣ ದನಿ ಇನ್ನೂ ಏರಿಸಿ ಹಾಡಿದ, ಕೊನೆಯ ಸಾಲಿನ ಅಜ್ಜಿಗೂ ಕೇಳಿತು. ಕರೆಂಟ್ ಬಂದ ಮೇಲೆ ಮೈಕ್ ಹಚ್ಚಬೇಡ್ರಿ ಅಂತ ಜನರೇ ಕೂಗಿದರು.

ಕಂಬಳಿ ಒಯ್ಯಿರಿ, ರಾತ್ರಿ ವಾಪಸ್ ಬರುವ ಯೋಚನೆ ಬಿಡಿ, ಸಂಜೆಯೇ ಊರವರಿಗೆ ಫೋನ್ ಮಾಡಿ ಆಟ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಮೆಚ್ಚಿ ರೊಕ್ಕ ಕೊಟ್ಟರೆ ಆಟದ ನಡುವೆಯೇ ನಿಮ್ಮ ಹೆಸರು ಕೂಗುತ್ತಾರೆ. ಹೊಸಬರಿಗೆ ಅದು ತೊಡಕು ಅನ್ನಿಸಬಹುದು. ಕಲಾವಿದರ ಹೊಟ್ಟೆ ತುಂಬುವುದು ಅದರಿಂದಲೂ ಹೌದು, ಹಾಗಾಗಿ ನಾನಂತೂ ಇರಲಿ ಅನ್ನುತ್ತೇನೆ.

ರವಿವಾರ ಮಧ್ಯಾಹ್ನದವರೆಗೆ ಮಲಗಿ. ಸಂಜೆ ಎಲ್ಲಾದರೂ ಕರಡಿ ಮಜಲು ಕೇಳಿಸಿದರೆ ಆ ಸದ್ದಿನ ಹಿಂದೆ ಹೋಗಿ. ಹೊಟ್ಟೆಯ ಮೇಲೆ ಕಟ್ಟಿಕೊಂಡ ಕರಡಿ ವಾದ್ಯ, ದೊಡ್ಡ ತಾಳ, ಶಹನಾಯಿ. ಎರಡು ಓಣಿ ಆಚೆ ಕೇಳುತ್ತದೆ, ಆದರೂ ಕಿವಿಗೆ ಪೆಟ್ಟಾಗುವುದಿಲ್ಲ. ಈಗ ಮದುವೆ ಮೆರವಣಿಗೆ ಅಂದರೆ ಡಾಲ್ಬಿ, ಅಂದರೆ ದೊಡ್ಡ ಸ್ಪೀಕರ್‌ಗಳ ಅಬ್ಬರ, ಎದೆ ನಡುಗುವ ಹಾಗೆ. ಕರಡಿಯವರು ಹೊಲದ ಕೂಲಿಗೆ ಹೋಗುತ್ತಿದ್ದಾರೆ. ನನಗೆ ಗೊತ್ತಿರುವ ಒಂದು ಮೇಳದಲ್ಲಿ ಶಹನಾಯಿ ಊದುವವರು ಒಬ್ಬರೇ ಉಳಿದಿದ್ದಾರೆ, ಅವರ ಮಗ ಕಲಿತಿಲ್ಲ.

ಮೇ ತಿಂಗಳಲ್ಲಿ ನಮ್ಮ ಅಕ್ಕನ ಮಗಳ ಮದುವೆ ಇದೆ. ಡಾಲ್ಬಿ ಬೇಡ ಅಂತ ಮನೆಯವರನ್ನೆಲ್ಲ ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಹೋದ ರವಿವಾರ ಆ ಮೇಳದವರ ಊರಿಗೇ ಹೋಗಿ ಅಡ್ವಾನ್ಸ್ ಕೊಟ್ಟು ಬಂದೆ.