ಮ್ಯಾಟ್‌ಪ್ಲಾಟ್‌ಲಿಬ್ ಬಾಣಗಳು: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಬಾಣ ಎಳೆಯಬೇಕೆಂದಾಗ ಕೈ ಮೊದಲು ಹೋಗುವುದು ‘ಆರೋ’ ಫಂಕ್ಷನ್ನಿಗೆ. ಅದನ್ನು ಬಿಟ್ಟುಬಿಡಿ. ಅದು ಬಾಣದ ತಲೆಯನ್ನೂ ಅಕ್ಷಗಳ ಅಳತೆಯಲ್ಲೇ ಬಿಡಿಸುತ್ತದೆ. ಎಕ್ಸ್ ಅಕ್ಷ 0–1000, ವೈ ಅಕ್ಷ 0–1 ಇದ್ದರೆ ತಲೆ ವಿಕಾರವಾಗಿ ಬಾಣವೆಂದೇ ಗೊತ್ತಾಗುವುದಿಲ್ಲ. ಅದಕ್ಕೆ ಕೊಡಬೇಕಾದದ್ದು ಕೊನೆಯ ಬಿಂದುವಲ್ಲ, ಎರಡು ಬಿಂದುಗಳ ವ್ಯತ್ಯಾಸ. ‘ಲೆಂತ್_ಇನ್‌ಕ್ಲೂಡ್ಸ್_ಹೆಡ್’ ಅನ್ನು ಟ್ರೂ ಮಾಡದಿದ್ದರೆ ಮೊನೆ ಗುರಿ ದಾಟಿ ಹೋಗುತ್ತದೆ.

ನೆಚ್ಚಬಹುದಾದದ್ದು ಚಿತ್ರಕ್ಕೆ ಟಿಪ್ಪಣಿ ಹಾಕುವ ‘ಆನೋಟೇಟ್’ ಫಂಕ್ಷನ್. ಪಠ್ಯದ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಕೊಟ್ಟರೆ ಬರೀ ಬಾಣ ಉಳಿಯುತ್ತದೆ. ‘ಎಕ್ಸ್‌ವೈ’ ಮೊನೆ, ‘ಎಕ್ಸ್‌ವೈಟೆಕ್ಸ್ಟ್’ ಬುಡ. ಇವು ಅದಲುಬದಲಾದರೆ ಬಾಣ ತಿರುಗಿ ನಿಲ್ಲುತ್ತದೆ. ಬಾಣದ ರೂಪ ಹೇಳುವ ‘ಆರೋಪ್ರಾಪ್ಸ್’ ಒಳಗೆ ‘ಆರೋಸ್ಟೈಲ್’ಗೆ ‘-|>’ ಕೊಟ್ಟರೆ ತುಂಬಿದ ತಲೆ, ‘->’ ಕೊಟ್ಟರೆ ಬರೀ ಗೆರೆಯ ತಲೆ. ಇದರ ಜೊತೆ ‘ಹೆಡ್‌ವಿಡ್ತ್’ ಸೇರಿಸಿದರೆ ಎರರ್ ಬರುತ್ತದೆ. ತಲೆ ದೊಡ್ಡದಾಗಬೇಕಿದ್ದರೆ ‘ಮ್ಯುಟೇಶನ್_ಸ್ಕೇಲ್’ ಅನ್ನು 15–20ಕ್ಕೆ ಏರಿಸಿ.

ಚಿತ್ರದ ಅಂದ ನಿಂತಿರುವುದು ‘ಶ್ರಿಂಕ್‌ಎ’, ‘ಶ್ರಿಂಕ್‌ಬಿ’ ಮೇಲೆ. ಇವು ಬುಡ ಮತ್ತು ಮೊನೆಯ ಕಡೆ ಬಿಡುವ ಅಂತರ, ಪಾಯಿಂಟ್ (ಇಂಚಿನ 1/72 ಭಾಗ) ಲೆಕ್ಕದಲ್ಲಿ. ತಾನಾಗಿ ಬರುವುದು 2 ಮಾತ್ರ, ಹಾಗಾಗಿ ಮೊನೆ ಚುಕ್ಕೆಯೊಳಗೆ ಹುದುಗುತ್ತದೆ. ಬಿಂದುಗಳನ್ನು ಚುಕ್ಕೆಗಳಾಗಿ ಹಾಕುವ ಸ್ಕ್ಯಾಟರ್ ಫಂಕ್ಷನ್ನಿನಲ್ಲಿ, ಗಾತ್ರಕ್ಕೆ ಕೊಡುವ ‘ಎಸ್’ನ ವರ್ಗಮೂಲವೇ ಚುಕ್ಕೆಯ ವ್ಯಾಸ. ‘ಎಸ್’ 100 ಇದ್ದರೆ ವ್ಯಾಸ 10, ತ್ರಿಜ್ಯ 5 ಪಾಯಿಂಟ್; ಅಂಚಿನ ಗೆರೆಗೂ ಜಾಗ ಬೇಕಲ್ಲ, 6 ಕೊಡಿ. 400 ಇದ್ದರೆ 11. ಲೆಕ್ಕ ಪಾಯಿಂಟ್‌ನಲ್ಲಿರುವುದರಿಂದ ಜೂಮ್ ಮಾಡಿದರೂ ಈ ಅಂತರ ಕೆಡುವುದಿಲ್ಲ. ಇದೊಂದಕ್ಕೇ ನಾನು ‘ಆನೋಟೇಟ್’ ಬಿಟ್ಟು ಬೇರೆಡೆ ಹೋಗುವುದಿಲ್ಲ.

ಕೊರತೆಯೂ ಇದೆ. ಬಾಣ ಎಳೆದರೆ ಅಕ್ಷದ ಮಿತಿ ತಾನಾಗಿ ಹಿಗ್ಗುವುದಿಲ್ಲ. ಮೊನೆ ಮಿತಿಯ ಹೊರಗಿದ್ದರೆ ಎರರ್ ಕೂಡ ಕೊಡದೆ ಬಾಣವೇ ಕಾಣೆಯಾಗುತ್ತದೆ. ಆದ್ದರಿಂದ ಬಿಂದುಗಳನ್ನೂ ಸ್ಕ್ಯಾಟರ್‌ನಿಂದ ಹಾಕಿ. ಎ–ಬಿ, ಬಿ–ಎ ಎರಡೂ ಬಾಣ ಬೇಕಾದರೆ ‘ಕನೆಕ್ಷನ್‌ಸ್ಟೈಲ್’ಗೆ ‘ಆರ್ಕ್3’, ‘ರ್‍ಯಾಡ್’ 0.2 ಕೊಡಿ, ಒಂದರ ಮೇಲೊಂದು ಬೀಳದೆ ಬಾಗುತ್ತವೆ.

ಬಾಣಗಳು ಸಾವಿರಗಟ್ಟಲೆ ಇದ್ದರೆ ‘ಆನೋಟೇಟ್’ ನಿಧಾನ. ಅಲ್ಲಿ ಎಲ್ಲ ಬಾಣಗಳನ್ನೂ ಒಮ್ಮೆಗೇ ಎಳೆಯುವ ‘ಕ್ವಿವರ್’ ಸರಿ. ಬಿಂದುಗಳನ್ನು ಸಾಲಾಗಿ ಒಂದರಿಂದ ಮುಂದಿನದಕ್ಕೆ ಜೋಡಿಸುವಾಗ ಕೊನೆಯದನ್ನು ಬಿಟ್ಟು ಉಳಿದ ಬಿಂದುಗಳು ಬುಡ, ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈನ ‘ಡಿಫ್’ ಕೊಡುವ ವ್ಯತ್ಯಾಸ ಉದ್ದ. ‘ಆಂಗಲ್ಸ್’ ಮತ್ತು ‘ಸ್ಕೇಲ್_ಯೂನಿಟ್ಸ್’ ಎರಡಕ್ಕೂ ‘ಎಕ್ಸ್‌ವೈ’, ‘ಸ್ಕೇಲ್’ಗೆ 1 ಕೊಡಲೇಬೇಕು, ಒಂದು ತಪ್ಪಿದರೂ ಬಾಣ ಮುಂದಿನ ಬಿಂದುವನ್ನು ಮುಟ್ಟುವುದಿಲ್ಲ.