ನೆರವೋ, ನ್ಯಾಯದ ವ್ಯಾಪಾರವೋ?

ಬಡ ದೇಶಗಳ ಪರ ದನಿ ಎತ್ತಬೇಕು, ಆದರೆ ಯಾವುದಕ್ಕೆ ಒತ್ತು ಕೊಡಲಿ ಎಂಬ ಗೊಂದಲವಿದೆಯೇ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ನೆರವು ಬೇಗ ಮುಟ್ಟುತ್ತದೆ. ದೇಶಗಳು ಕೈಜೋಡಿಸಿದ್ದರಿಂದಲೇ ಸಿಡುಬು 1980ರ ಹೊತ್ತಿಗೆ ಜಗತ್ತಿನಿಂದ ತೊಲಗಿತು. ಆದರೆ ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ 0.7ರಷ್ಟು ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲೇ ಹೇಳಿದ್ದರೂ, ಹಾಗೆ ಕೊಡುವವು ಬೆರಳೆಣಿಕೆಯಷ್ಟು. ಕೊಡುವವರ ಮನಸ್ಸು ತಿರುಗಿದರೆ ಔಷಧವೂ ನಿಲ್ಲುತ್ತದೆ.

ವ್ಯಾಪಾರ ನಿಧಾನ, ಆದರೆ ಅಸಮಾನತೆಯ ಬೇರು ಇರುವುದು ಅಲ್ಲೇ. ಆಫ್ರಿಕಾದಲ್ಲಿ ವಸಾಹತು ಕಾಲದ ಎಷ್ಟೋ ರೈಲು ಹಳಿಗಳು ಗಣಿ, ತೋಟಗಳಿಂದ ನೇರ ಬಂದರಿಗೆ ಹೋಗುತ್ತವೆ, ಪಕ್ಕದ ದೇಶಕ್ಕಲ್ಲ. ಘಾನಾ, ಐವರಿ ಕೋಸ್ಟ್ ಎರಡೇ ಸೇರಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯುತ್ತವೆ. ರೈತರು ಕಾಯಿ ಒಡೆದು, ಬೀಜವನ್ನು ಬಾಳೆಎಲೆಯಲ್ಲಿ ಮುಚ್ಚಿ ದಿನಗಟ್ಟಲೆ ಹುದುಗಿಸಿ, ಬಿಸಿಲಿಗೆ ಹರಡುತ್ತಾರೆ. ದೊಡ್ಡ ಲಾಭ ಮಾತ್ರ ದೂರದಲ್ಲಿ ಚಾಕೊಲೇಟ್ ಮಾಡಿ ಮಾರುವವರಿಗೆ. ಕೊಳ್ಳುವ ದೇಶಗಳಲ್ಲಿ ಕಚ್ಚಾ ವಸ್ತುವಿಗೆ ಕಡಿಮೆ ಆಮದು ಸುಂಕ, ಸಿದ್ಧವಸ್ತುವಿಗೆ ಹೆಚ್ಚು ಎಂಬ ಪದ್ಧತಿ ಅನೇಕ ಕಡೆ ಇರುವಾಗ ಬೆಳೆಯುವ ನೆಲದಲ್ಲಿ ಕಾರ್ಖಾನೆ ಏಳುವುದಾದರೂ ಹೇಗೆ?

ಹಸಿವು, ರೋಗ ಎದುರಿಗಿದ್ದರೆ ನೆರವೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಉಳಿದಂತೆ ಒಂದನ್ನೇ ಆರಿಸಿ ಎಂದರೆ, ನನ್ನ ಒತ್ತಾಯ ಆ ಸುಂಕದ ಪದ್ಧತಿ ಬದಲಾಗಬೇಕು ಎಂಬುದಕ್ಕೆ.