ಗೇಟಿನ ಮೇಲಿನ ಪೈನ್ ಮರ ಮತ್ತು ಸಿಲ್ವರ್ ಸೆಂಟರಿನ ಇಬ್ಬರು ಹಿರಿಯರು

ಜಪಾನಿನಲ್ಲಿ ಹಳೇ ಮನೆ ಕೊಂಡವರು, ಕೊಳ್ಳುವ ಯೋಚನೆಯಲ್ಲಿರುವವರು ಇದನ್ನು ಓದಿ. ಅಂಗಳದಲ್ಲಿ ಪೈನ್ ಮರ ಇದ್ದರಂತೂ ಅದನ್ನು ಸವರಲು ಯಾರನ್ನೂ ಕರೆಯುವ ಮೊದಲೇ ಓದಿ. ಹಿರಿಯರೇ ಕೆಲಸ ಮಾಡಿಕೊಡುವ ಸಿಲ್ವರ್ ಸೆಂಟರಿನ ಬಗ್ಗೆ ನನ್ನ ಅನುಭವ ಇದು.

ಸೈತಾಮಾದಲ್ಲಿ 2022ರಲ್ಲಿ ನಾವು ಕೊಂಡ ಮನೆಯ ಗೇಟಿನ ಪಕ್ಕ ಒಂದು ಕುರೊಮಾತ್ಸು ಇದೆ. ಕಪ್ಪು ತೊಗಟೆಯ ಪೈನ್, ನಾಲ್ಕು ಮೀಟರ್ ಎತ್ತರ. ಅದರ ಒಂದು ಕೊಂಬೆ ಮಾತ್ರ ಗೇಟಿನ ಮೇಲೆ ಅಡ್ಡಡ್ಡ ಮೂರು ಮೀಟರ್ ಚಾಚಿಕೊಂಡಿದೆ, ತೋರಣ ಕಟ್ಟಿದ ಹಾಗೆ. ಇಂಥ ಮರಕ್ಕೆ ಇಲ್ಲಿ ಮೊನ್‌ಕಾಬುರಿ ನೋ ಮಾತ್ಸು ಅನ್ನುತ್ತಾರೆ. ಮನೆಯ ಹಳೇ ಯಜಮಾನರು ಬಿದಿರು ಗಳ ಕಟ್ಟಿ ಆ ಕೊಂಬೆಯನ್ನು ಬಗ್ಗಿಸಿ ಬೆಳೆಸಿದ್ದಂತೆ. ಮನೆ ಒಪ್ಪಿಕೊಳ್ಳಲು ನನ್ನ ಹೆಂಡತಿಗೆ ಅದೇ ಕಾರಣವಾಯಿತು.

2023ರ ಜೂನಿನಲ್ಲಿ ಒಂದು ಖಾಸಗಿ ಗಾರ್ಡನಿಂಗ್ ಕಂಪನಿಯವರನ್ನು ಕರೆಸಿದೆವು. ಬೇಲಿ ಕತ್ತರಿಸುವ ಮೋಟಾರು ಕತ್ತರಿ ತಂದು, ಎರಡೇ ತಾಸಿನಲ್ಲಿ ಮರವನ್ನು ಚೆಂಡಿನ ಹಾಗೆ ನುಣ್ಣಗೆ ಮಾಡಿ 35,000 ಯೆನ್ ತೆಗೆದುಕೊಂಡು ಹೋದರು. ಆ ದಿನ ಚೆನ್ನಾಗಿಯೇ ಕಂಡಿತ್ತು. ಕೆಲವೇ ವಾರಗಳಲ್ಲಿ ಅರ್ಧಕ್ಕೆ ತುಂಡಾದ ಪ್ರತಿ ಸೂಜಿಯೆಲೆಯ ತುದಿಯೂ ಕಂದಾಯಿತು. ಮರವಿಡೀ ಬೆಂಕಿಯ ಝಳ ತಾಗಿದಂತೆ. ಮಾತ್ಸುಕುಯಿಮುಶಿ ಬಂತೇನೋ ಎಂದು ನನಗೆ ನಿದ್ದೆ ಹತ್ತಲಿಲ್ಲ. ಅದು ಉತ್ತರ ಅಮೆರಿಕದಿಂದ ಬಂದ ಜಂತುಹುಳುವಿನ ರೋಗ. ಒಂದು ಜಾತಿಯ ದುಂಬಿ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ತಗುಲಿದ ಮರ ಉಳಿಯುವುದು ಕಷ್ಟ.

ತಪ್ಪು ನನ್ನ ತಿಳುವಳಿಕೆಯದೂ ಹೌದು. ಶಿರಸಿ ಕಡೆಯ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮತ್ತಿ, ಹೊನಗಲು ಮರಗಳ ಸೊಪ್ಪನ್ನು ಎಷ್ಟು ಕಡಿದರೂ ಮತ್ತೆ ಚಿಗುರುತ್ತವೆ. ಮರ ಅಂದರೆ ಹಾಗೇ ಎಂದುಕೊಂಡಿದ್ದೆ. ಪೈನ್ ಹಾಗಲ್ಲ. ಕೊಂಬೆಯನ್ನು ಸೂಜಿಯೆಲೆ ಇಲ್ಲದ ಬೋಳು ಭಾಗದವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಬೇಕು. ಹೊರಗೆ ದಟ್ಟವಾಗಿಬಿಟ್ಟರೆ ಒಳಗಿನ ಕಿರುಕೊಂಬೆಗಳು ಬಿಸಿಲಿಲ್ಲದೆ ಸಾಯುತ್ತವೆ. ಆಮೇಲೆ ಮರವನ್ನು ಚಿಕ್ಕದು ಮಾಡಲು ದಾರಿಯೇ ಇರುವುದಿಲ್ಲ.

ಪಕ್ಕದ ಮನೆಯ ಅಜ್ಜಿ ಹೇಳಿದ ಮೇಲೆ ಸಿಲ್ವರ್ ಜಿನ್‌ಝೈ ಸೆಂಟರಿಗೆ ಹೋದೆ. ಅರವತ್ತು ದಾಟಿದವರು ಸದಸ್ಯರಾಗಿ ಊರಿನ ಸಣ್ಣಪುಟ್ಟ ಕೆಲಸ ಮಾಡಿಕೊಡುವ ಸಂಸ್ಥೆ ಅದು. ಕಾಗದದ ಜಾರುಬಾಗಿಲಿಗೆ ಹೊಸ ಕಾಗದ ಅಂಟಿಸುವುದು, ಹುಲ್ಲು ಕೀಳುವುದು, ಮರ ಸವರುವುದು ಎಲ್ಲ ಅಲ್ಲಿ ಸಿಗುತ್ತದೆ. ಮೊದಲು ಒಬ್ಬರು ಬಂದು ಮರ ನೋಡಿ, ಎತ್ತರ ಅಳೆದು, ಅಂದಾಜು ಬರೆದುಕೊಟ್ಟರು. ಕೆಲಸಕ್ಕೆ ಬಂದದ್ದು 2024ರ ಡಿಸೆಂಬರಿನಲ್ಲಿ, ಇಬ್ಬರು. ಒಬ್ಬರಿಗೆ 76, ಇನ್ನೊಬ್ಬರಿಗೆ 71.

ಮೊದಲ ಅರ್ಧ ತಾಸು ಅವರು ಕತ್ತರಿಯನ್ನು ಮುಟ್ಟಲೇ ಇಲ್ಲ. ಮರದ ಸುತ್ತ ತಿರುಗಿದರು. ರಸ್ತೆಯ ಆಚೆ ನಿಂತು ನೋಡಿದರು. ಇಬ್ಬರಲ್ಲಿ ಹಿರಿಯರು ಒಂದು ಹಳೇ ಗಾಯದಲ್ಲಿ ಒಸರಿದ ರಾಳವನ್ನು ಬೆರಳಿಂದ ಮುಟ್ಟಿ, ಮೂಸಿ, ಹೆದರಬೇಡಿ, ಇದು ರೋಗವಲ್ಲ ಅಂದರು. ರೋಗ ಬಂದ ಮರದಲ್ಲಿ ರಾಳ ಒಸರುವುದು ನಿಲ್ಲುತ್ತದಂತೆ. ಒಂದೂವರೆ ವರ್ಷದಿಂದ ಹೊತ್ತ ಭಾರ ಅಲ್ಲೇ ಇಳಿಯಿತು.

ಆಮೇಲೆ ಮೂರು ಕಾಲಿನ ಅಲ್ಯೂಮಿನಿಯಂ ಏಣಿ ಹಾಕಿದರು. ಅದರ ಒಂಟಿ ಕಾಲು ಕೊಂಬೆಗಳ ನಡುವೆ ತೂರುತ್ತದೆ, ಏರುತಗ್ಗಿನ ನೆಲದಲ್ಲೂ ಅಲುಗುವುದಿಲ್ಲ. ಕೆಲಸ ತುದಿಯಿಂದ ಕೆಳಕ್ಕೆ. ಮೊಮಿಆಗೆ ಅಂದರೆ ಇದು: ಹಿಂದಿನ ವರ್ಷದ ಸೂಜಿಯೆಲೆಗಳನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಕೀಳುವುದು, ಈ ವರ್ಷದ್ದನ್ನು ಉಳಿಸುವುದು. ಒಂದೇ ಕಡೆ ಮೂರು ನಾಲ್ಕು ಕುಡಿ ಇದ್ದರೆ ಕವಲಿನ ಹಾಗೆ ಎರಡನ್ನು ಬಿಟ್ಟು ಉಳಿದದ್ದನ್ನು ಕತ್ತರಿಸುವುದು. ತುದಿಯಲ್ಲಿ ಮರಕ್ಕೆ ಜೋರು ಹೆಚ್ಚು, ಅಲ್ಲಿ ಎಲೆ ಕಡಿಮೆ ಉಳಿಸುತ್ತಾರೆ. ಕೆಳಗಿನ ಸೊರಗಿದ ಕೊಂಬೆಗಳಲ್ಲಿ ಹೆಚ್ಚು. ಶಿರಸಿ ಕಡೆ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ ಮರದ ಮೇಲೆ ಕೂತು ಯಾವ ಗೊನೆ ಬಲಿತಿದೆ ಎಂದು ಹೇಳುವಾಗಿನ ಅದೇ ನೋಟ ಇವರ ಕಣ್ಣಲ್ಲೂ ಇತ್ತು. ನನಗೆ ಗಂಟಲು ಕಟ್ಟಿತು.

ಗೇಟಿನ ಮೇಲಿನ ಆ ಒಂದು ಕೊಂಬೆಗೇ ಪೂರ್ತಿ ಒಂದು ದಿನ ಹಿಡಿಯಿತು. ಕಂದು ತುದಿಯ ಎಲೆಗಳನ್ನು ಎಲ್ಲವನ್ನೂ ಕೀಳಲಿಲ್ಲ. ಕಿತ್ತರೆ ಮರಕ್ಕೆ ಉಸಿರಿಲ್ಲ, ಒಂದು ವರ್ಷ ಹೀಗೇ ನೋಡಿಕೊಂಡಿರಿ ಅಂದರು. ಚೆಂದ ಮಾಡಿಕೊಟ್ಟು ಹೋಗುವ ಬದಲು ಮರದ ಪರವಾಗಿ ನಿಂತು, ಬೇಡ ಎಂದು ನನಗೇ ಹೇಳಿದರಲ್ಲ, ಅದಕ್ಕೇ ನಾನು ಇವರಿಗೆ ಐದಕ್ಕೆ ಐದು ಕೊಡುತ್ತಿರುವುದು.

ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಕೆಲಸದವರಿಗೆ ಚಹಾ ಕೊಡುವುದು ಇಲ್ಲಿನ ಹಳೇ ರೂಢಿ. ಶುಂಠಿ ಹಾಕಿದ ಚಹಾ, ಊರಿಂದ ಬಂದಿದ್ದ ತೊಡೆದೇವು ಕೊಟ್ಟೆವು. ಕಾಗದದಷ್ಟು ತೆಳ್ಳಗಿನ ಅದನ್ನು ಬೆಳಕಿಗೆ ಹಿಡಿದು ನೋಡಿ, ಹೇಗೆ ಮಾಡುತ್ತಾರೆ ಎಂದು ಕೇಳಿದರು. ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಹೊಯ್ಯುವುದನ್ನು ಹೆಂಡತಿ ಕೈಯಲ್ಲೇ ಮಾಡಿ ತೋರಿಸಿದಳು. ಸಂಜೆ ಅವರ ಬೆರಳೆಲ್ಲ ರಾಳ ಮೆತ್ತಿ ಕಪ್ಪಾಗಿತ್ತು. ಹಲಸಿನ ಮೇಣ ಬಿಡಿಸುವ ಹಾಗೆ ಕೊಬ್ಬರಿ ಎಣ್ಣೆ ಕೊಟ್ಟೆ. ಸಲೀಸಾಗಿ ಬಿಟ್ಟಿತು. ಮರುದಿನ ಆ ಬಾಟಲಿಯನ್ನು ಅವರೇ ಕೇಳಿ ಪಡೆದುಕೊಂಡರು.

ಬಿಲ್ಲು: ಇಬ್ಬರಿಗೆ ಎರಡು ದಿನ, ತಲೆಗೆ ದಿನಕ್ಕೆ 13,500 ಯೆನ್, ಸೊಪ್ಪು ಸಾಗಿಸಲು 5,000. ಒಟ್ಟು 59,000 ಯೆನ್. 2024ರಲ್ಲಿ ಇಲ್ಲಿನ ದರ ಇದಾಗಿತ್ತು, ನಿಮ್ಮ ಸೆಂಟರಿನಲ್ಲಿ ಕೇಳಿಕೊಳ್ಳಿ. ತುಂಬಾ ಎತ್ತರದ ಮರ ಹತ್ತುವುದಿಲ್ಲ. ಮಾತು ಜಪಾನಿ ಭಾಷೆಯಲ್ಲೇ. ವರ್ಷದ ಕೊನೆಗೆ ಊರಿಗೆಲ್ಲ ಇವರೇ ಬೇಕು, ಆದ್ದರಿಂದ ಬೇಸಿಗೆಯಲ್ಲೇ ಹೆಸರು ಬರೆಸಿ. ಅರ್ಜಿ ಕೊಡುವಾಗ ಬರೀ ಮರ ಸವರಬೇಕು ಎನ್ನಬೇಡಿ. ಕುರೊಮಾತ್ಸು ಇದೆ, ಮೊಮಿಆಗೆ ಆಗಬೇಕು, ಆ ಕೈ ಇರುವವರೇ ಬೇಕು ಎಂದು ಬಿಡಿಸಿ ಹೇಳಿ.

2025ರ ಮೇ ತಿಂಗಳಲ್ಲಿ ಅದೇ ಇಬ್ಬರು ಮಿದೋರಿತ್ಸುಮಿಗೆ ಬಂದರು. ಮೇಣದಬತ್ತಿಯಂತೆ ನೆಟ್ಟಗೆ ಎದ್ದ ಎಳೆ ಕುಡಿಗಳಲ್ಲಿ ಜೋರಾದದ್ದನ್ನು ಬುಡಕ್ಕೇ, ಉಳಿದವನ್ನು ಅರ್ಧಕ್ಕೆ, ಉಗುರಲ್ಲೇ ಚಿವುಟುವ ಕೆಲಸ. ಒಂದೇ ದಿನದಲ್ಲಿ ಮುಗಿಯಿತು. ಹೊರಡುವ ಮುನ್ನ ಹಿರಿಯರು ನನ್ನನ್ನು ಏಣಿ ಹತ್ತಿಸಿ, ಗೇಟಿನ ಕೊಂಬೆಯ ಒಳಗೆ, ಬಿಸಿಲು ತಾಗುವ ಕಡೆ, ಸೂಜಿಯೆಲೆ ಉಳಿದಿದ್ದ ಒಂದು ಕಿರುಕೊಂಬೆಯಲ್ಲಿ ಮೂಡಿದ್ದ ಅಕ್ಕಿಕಾಳಿನಷ್ಟು ಮೊಗ್ಗನ್ನು ತೋರಿಸಿದರು. ಇದನ್ನು ಯಾರಿಗೂ ಮುಟ್ಟಲು ಬಿಡಬೇಡಿ ಅಂದರು. ಅದಕ್ಕೊಂದು ಕೆಂಪು ನೂಲು ಕಟ್ಟಿದ್ದೇನೆ.